ಕೈಗಾದಲ್ಲಿ ಇಲ್ಲದ ಅಮೆರಿಕ

ದಾಸನಕೊಪ್ಪ ಇರುವುದು ಶಿರಸಿ ತಾಲೂಕಿನ ಪೂರ್ವದ ಅಂಚಿನಲ್ಲಿ. ಕೈಗಾ ಇರುವುದು ಯಲ್ಲಾಪುರದ ಕಾಡು ದಾಟಿದ ಮೇಲೆ, ಕಾಳಿ ನದಿಯ ಕಣಿವೆಯಲ್ಲಿ. ನಡುವೆ ಮಲೆನಾಡಿನ ಅರ್ಧ ಭಾಗವೇ ಇದೆ. ಆದರೂ ಈ ಸೀಮೆಯಲ್ಲಿ ಅಮೆರಿಕದ ರಾಜಕೀಯದ ಮಾತು ಎದ್ದಾಗ, ಅದು ಟ್ರಂಪ್ ಹಾಕಿದ ಸುಂಕದಿಂದ ಶುರುವಾದರೂ ಸರಿ, ವೀಸಾದಿಂದ ಶುರುವಾದರೂ ಸರಿ, ಕೊನೆಗೆ ಸುತ್ತಿ ಬಳಸಿ ಕೈಗಾಕ್ಕೆ ಬಂದು ಮುಟ್ಟುವುದುಂಟು. 2008ರ ಭಾರತ-ಅಮೆರಿಕ ಅಣು ಒಪ್ಪಂದವಾದ ಮೇಲೆ ಕೈಗಾದ ಕೀಲಿಕೈ ಅಮೆರಿಕದ ಹತ್ತಿರ ಇದೆ ಎನ್ನುವವರಿದ್ದಾರೆ. ಅಲ್ಲಿಗೆ ಬೇಕಾದ ಯುರೇನಿಯಂ ಅವರೇ ಕೊಡುವುದು, ಅವರು ಮನಸ್ಸು ಮಾಡಿದರೆ ನಾಳೆಯೇ ಸ್ಥಾವರ ಬಂದ್ ಎನ್ನುವವರಿದ್ದಾರೆ. ಇದನ್ನೇ ತಿರುಗಿಸಿ, ವಿದೇಶಿ ತಪಾಸಕರು ಬಂದು ನೋಡಿಕೊಂಡು ಹೋಗುತ್ತಾರಲ್ಲ, ಹೆದರುವುದೇಕೆ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಮೊದಲಿನವರದು ಸಿಟ್ಟು, ಕೊನೆಯವರದು ನೆಮ್ಮದಿ. ಎರಡಕ್ಕೂ ಆಧಾರ ಒಂದೇ ನಂಬಿಕೆ: ಕೈಗಾದಲ್ಲಿ ಅಮೆರಿಕದ ಕೈ ಇದೆ ಎಂಬುದು. ದಾಖಲೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅಲ್ಲಿ ಅಂಥ ಕೈ ಕಾಣುವುದಿಲ್ಲ. ಕೈಗಾದ ನಾಲ್ಕೂ ಘಟಕಗಳು ಆ ಒಪ್ಪಂದದ ಬೇಲಿಯಿಂದ ಹೊರಗೇ ಉಳಿದಿವೆ, ಅದೂ ನಮ್ಮದೇ ಸರ್ಕಾರ ಹಟ ಹಿಡಿದು ಉಳಿಸಿಕೊಂಡದ್ದರಿಂದ.

ಒಪ್ಪಂದ ಶುರುವಾದದ್ದು ಹೀಗೆ: 2005ರ ಜುಲೈ 18ರಂದು ವಾಷಿಂಗ್ಟನ್ನಿನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಮತ್ತು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಜಂಟಿ ಹೇಳಿಕೆ ಕೊಟ್ಟರು. ಅದರ ತಿರುಳು ಇಷ್ಟು. ಭಾರತ ತನ್ನ ಅಣು ಘಟಕಗಳನ್ನು ನಾಗರಿಕ ಬಳಕೆಯವು, ಉಳಿದವು ಎಂದು ಎರಡು ಪಾಲು ಮಾಡಬೇಕು. ನಾಗರಿಕ ಪಾಲನ್ನು ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಪ್ಪಿಸಬೇಕು. ಬದಲಿಗೆ 1974ರ ಪೋಖರಣ್ ಸ್ಫೋಟದ ನಂತರ ಭಾರತಕ್ಕೆ ಮುಚ್ಚಿದ್ದ ಅಂತರರಾಷ್ಟ್ರೀಯ ಇಂಧನ ಮಾರುಕಟ್ಟೆಯ ಬಾಗಿಲನ್ನು ಅಮೆರಿಕ ತೆರೆಸಿಕೊಡಬೇಕು. ಯಾವ ಘಟಕ ಯಾವ ಪಾಲಿಗೆ ಎಂಬುದರ ಮೇಲೆ ತಿಂಗಳುಗಟ್ಟಲೆ ಹಗ್ಗಜಗ್ಗಾಟ ನಡೆದು, 2006ರ ಮಾರ್ಚ್ 2ರಂದು ಬುಷ್ ದೆಹಲಿಗೆ ಬಂದಾಗ ಅದು ಇತ್ಯರ್ಥವಾಯಿತು. ಆಗ ಚಾಲನೆಯಲ್ಲಿದ್ದ ಮತ್ತು ಕಟ್ಟುತ್ತಿದ್ದ 22 ವಿದ್ಯುತ್ ರಿಯಾಕ್ಟರುಗಳಲ್ಲಿ 14 ತಪಾಸಣೆಗೆ, ಎಂಟು ಹೊರಗೆ. ತಪಾಸಣೆಗೆ ಹೋದವು ತಾರಾಪುರದ ಹಳೆಯ ಎರಡು, ರಾಜಸ್ಥಾನದ ಆರು, ಕೂಡಂಕುಳಂನ ಎರಡು, ಕಾಕ್ರಪಾರದ ಎರಡು, ನರೋರಾದ ಎರಡು. ಹೊರಗುಳಿದವು ತಾರಾಪುರದ 3 ಮತ್ತು 4ನೇ ಘಟಕ, ಮದ್ರಾಸಿನ ಕಲ್ಪಾಕ್ಕಂನ ಎರಡು, ಮತ್ತೆ ಕೈಗಾದ ನಾಲ್ಕಕ್ಕೆ ನಾಲ್ಕು. ಹೊರಗುಳಿದ ಎಂಟರಲ್ಲಿ ಅರ್ಧ ಪಾಲು ಕೈಗಾದ್ದೇ. ಹೀಗಿರುವಾಗ ಆ ಒಪ್ಪಂದದ ಬಲದಿಂದ ಕೈಗಾದ ರಿಯಾಕ್ಟರ್ ಕಟ್ಟಡದ ಒಳಗೆ ಕಾಲಿಟ್ಟು ಲೆಕ್ಕ ಕೇಳುವ ಹಕ್ಕು ಅಮೆರಿಕಕ್ಕೂ ಇಲ್ಲ, ವಿಯೆನ್ನಾಕ್ಕೂ ಇಲ್ಲ.

ಹಾಗಾದರೆ ಸ್ಥಾವರದ ಕೀಲಿಕೈ ಅಮೆರಿಕದ ಹತ್ತಿರ ಇದೆ ಎಂಬ ಮಾತು ಎಲ್ಲಿಂದ ಬಂತು? ಅದಕ್ಕೊಂದು ಮೂಲ ಇದೆ, ಆದರೆ ಅದು ಕೈಗಾ ಅಲ್ಲ, ತಾರಾಪುರ. 1963ರ ಒಪ್ಪಂದದ ಮೇರೆಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಅಲ್ಲಿ ಎರಡು ರಿಯಾಕ್ಟರ್ ಕಟ್ಟಿತು, 1969ರಲ್ಲಿ ಅವು ವಿದ್ಯುತ್ ಕೊಡತೊಡಗಿದವು. ಅವು ಓಡಬೇಕಾದರೆ ಸಂವರ್ಧಿತ ಯುರೇನಿಯಂ ಬೇಕು. ಅದನ್ನು ಕೊಡುತ್ತೇವೆಂದು ಮಾತು ಕೊಟ್ಟಿದ್ದ ಅಮೆರಿಕ, 1978ರಲ್ಲಿ ಹೊಸ ಕಾನೂನು ಮಾಡಿಕೊಂಡು ಕೈ ಎಳೆಯಿತು. ಜಿಮ್ಮಿ ಕಾರ್ಟರ್ ಕೊನೆಯದಾಗಿ ಒಂದು ಸರಬರಾಜಿಗೆ ಒಪ್ಪಿಗೆ ಕೊಟ್ಟಾಗ 1980ರ ಸೆಪ್ಟೆಂಬರಿನಲ್ಲಿ ಸೆನೆಟಿನಲ್ಲಿ ಅದು ಪಾಸಾದದ್ದು ಎರಡೇ ಮತಗಳ ಅಂತರದಿಂದ, 48ಕ್ಕೆ 46. ಆಮೇಲೆ ಫ್ರಾನ್ಸ್, ಮುಂದೆ ಚೀನಾ, ರಷ್ಯಾ ಹೀಗೆ ಬೇರೆ ಬೇರೆ ದೇಶಗಳ ಇಂಧನದಿಂದ ತಾರಾಪುರ ಬದುಕಿತು. ಅಮೆರಿಕ ಕೀಲಿ ತಿರುಗಿಸಿದರೆ ಸ್ಥಾವರ ನಿಲ್ಲುತ್ತದೆ ಎಂಬ ಭಯ ತಾರಾಪುರದ ಮಟ್ಟಿಗೆ ನಿಜವಾಗಿತ್ತು. ಅದೇ ಪೆಟ್ಟು ತಿಂದ ಮೇಲೆ ಭಾರತ ಬೇರೆ ದಾರಿಯನ್ನು ಗಟ್ಟಿಯಾಗಿ ಹಿಡಿಯಿತು. ಕೆನಡಾದಿಂದ ರಾಜಸ್ಥಾನಕ್ಕೆ ಬಂದಿದ್ದ ಭಾರಜಲದ ರಿಯಾಕ್ಟರ್ ಮಾದರಿಯನ್ನು, ಕೆನಡಾವೂ 1974ರ ನಂತರ ಬಿಟ್ಟುಹೋದ ಮೇಲೆ, ನಮ್ಮವರೇ ತಿದ್ದಿ ತೀಡಿ ಕಲ್ಪಾಕ್ಕಂ, ನರೋರಾ, ಕಾಕ್ರಪಾರಗಳಲ್ಲಿ ಕಟ್ಟಿದರು. ಕೈಗಾ ಆ ಸಾಲಿನ ಕೂಸು. 220 ಮೆಗಾವಾಟಿನ ನಾಲ್ಕು ಘಟಕಗಳು. 2ನೇ ಘಟಕ 2000ದ ಮಾರ್ಚ್‌ನಲ್ಲಿ, 1ನೇ ಘಟಕ ಅದೇ ವರ್ಷದ ನವೆಂಬರಿನಲ್ಲಿ, 3ನೆಯದು 2007ರಲ್ಲಿ, 4ನೆಯದು 2011ರ ಜನವರಿಯಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದವು.

ಈ ಮಾದರಿಯ ವಿಶೇಷ ಎಂದರೆ ಇದಕ್ಕೆ ಗಣಿಯಿಂದ ಬಂದ ಸಹಜ ಯುರೇನಿಯಂ ಸಾಕು, ಸಂವರ್ಧನೆ ಬೇಡ. ಇಂಧನ ಹೇಗಿರುತ್ತದೆಂದು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬೆರಳುಗಾತ್ರದ 19 ಕೊಳವೆಗಳನ್ನು ಒಟ್ಟಿಗೆ ಬಿಗಿದ, ಸುಮಾರು ಅರ್ಧ ಮೀಟರ್ ಉದ್ದದ, ಒಬ್ಬ ಆಳು ಎತ್ತಿಕೊಳ್ಳಬಹುದಾದಷ್ಟೇ ಭಾರದ ಕಟ್ಟು ಅದು. ಕೊಳವೆಗಳ ಒಳಗೆ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳು. ರಿಯಾಕ್ಟರಿನ ಉದ್ದಕ್ಕೂ ಅಡ್ಡವಾಗಿ 306 ನಾಳಗಳಿರುತ್ತವೆ, ಒಂದೊಂದರಲ್ಲಿ 12 ಕಟ್ಟುಗಳು ಸಾಲಾಗಿ ಕೂರುತ್ತವೆ. ಎರಡೂ ತುದಿಯಲ್ಲಿ ಒಂದೊಂದು ಯಂತ್ರ. ಈ ಕಡೆಯದು ಹೊಸ ಕಟ್ಟನ್ನು ಒಳಗೆ ತಳ್ಳಿದಂತೆ ಆ ಕಡೆಯದು ಉರಿದ ಕಟ್ಟನ್ನು ಹೊರಗೆ ತೆಗೆದುಕೊಳ್ಳುತ್ತದೆ. ಇಂಧನ ಬದಲಿಸಲು ರಿಯಾಕ್ಟರ್ ನಿಲ್ಲಿಸುವ ಪ್ರಮೇಯವೇ ಇಲ್ಲ. ಕೈಗಾದ 1ನೇ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿದ್ದು ಈ ಅನುಕೂಲದಿಂದ. ಆ ದಾಖಲೆಯನ್ನು ಮುಂದೆ ಕೆನಡಾದ ಡಾರ್ಲಿಂಗ್ಟನ್ ಮುರಿಯಿತು, ಅದೂ ಇದೇ ಭಾರಜಲದ ವಂಶದ್ದೇ ಎನ್ನುವುದು ಸ್ವಾರಸ್ಯ. ಕೈಗಾದ ಆ ಓಟಕ್ಕೆ ಬಳಕೆಯಾದದ್ದು ಜಾದೂಗುಡದಂಥ ನಮ್ಮ ಗಣಿಗಳಲ್ಲಿ ಅಗೆದು, ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸಿನಲ್ಲಿ ಕಟ್ಟು ಮಾಡಿದ ದೇಶೀ ಯುರೇನಿಯಂ. ಬೇರೆ ಆಯ್ಕೆಯೂ ಇರಲಿಲ್ಲ. ಹೊರದೇಶದಿಂದ ತಂದ ಯುರೇನಿಯಮ್ಮನ್ನು ತಪಾಸಣೆಯ ಹೊರಗಿರುವ ರಿಯಾಕ್ಟರಿಗೆ ಹಾಕುವಂತಿಲ್ಲ ಎಂಬುದು ಒಪ್ಪಂದದ ಮೂಲ ಷರತ್ತು. ಅವರ ಯುರೇನಿಯಂ ಕೈಗಾದಲ್ಲಿ ಉರಿಯುತ್ತದೆ ಎನ್ನುವುದು ಬರೀ ತಪ್ಪಲ್ಲ, ಉರಿಸಿದ್ದೇ ಆದರೆ ಒಪ್ಪಂದವೇ ಮುರಿದು ಬೀಳುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. ಒಪ್ಪಂದಕ್ಕೂ ಕೈಗಾಕ್ಕೂ ಸಂಬಂಧವೇ ಇಲ್ಲವೆಂದರೆ, 2008ರ ಆಚೆಗೆ ಕೈಗಾದ ಸ್ಥಿತಿ ಸುಧಾರಿಸಿದ್ದು ಹೇಗೆ? ಸುಧಾರಿಸಿದ್ದು ನಿಜ. ಆ ಹೊತ್ತಿನಲ್ಲಿ ದೇಶಕ್ಕೆ ಯುರೇನಿಯಂ ಬರ ಬಂದಿತ್ತು. ರಿಯಾಕ್ಟರುಗಳನ್ನು ಕಟ್ಟುತ್ತ ಹೋದಷ್ಟು ಬೇಗ ಗಣಿಗಳನ್ನು ತೆರೆದಿರಲಿಲ್ಲ. 2008-09ರಲ್ಲಿ ದೇಶದ ಅಣು ವಿದ್ಯುತ್ ಘಟಕಗಳು ಒಟ್ಟಾರೆ ಓಡಿದ್ದು ತಮ್ಮ ಸಾಮರ್ಥ್ಯದ ಅರ್ಧದ ಆಸುಪಾಸಿನಲ್ಲಿ. ಕೈಗಾದ 4ನೇ ಘಟಕ ಸಿದ್ಧವಾಗಿ ನಿಂತು ಇಂಧನಕ್ಕಾಗಿ ಕಾದು, 2010ರ ನವೆಂಬರಿನಲ್ಲಷ್ಟೇ ಚಾಲನೆ ಕಂಡಿತು. ಅಷ್ಟರಲ್ಲಿ ಒಪ್ಪಂದದ ಫಲವಾಗಿ ಫ್ರಾನ್ಸ್, ರಷ್ಯಾ, ಕಜಕಿಸ್ತಾನಗಳಿಂದ ಯುರೇನಿಯಂ ಬರತೊಡಗಿತ್ತು. ಅದು ಹೋದದ್ದು ತಪಾಸಣೆಗೆ ಒಳಪಟ್ಟ ರಾಜಸ್ಥಾನ, ಕಾಕ್ರಪಾರದಂಥ ಕಡೆಗಳಿಗೆ. ಅಲ್ಲಿ ಖರ್ಚಾಗಬೇಕಿದ್ದ ದೇಶೀ ಯುರೇನಿಯಂ ಹಾಗಾಗಿ ಉಳಿಯಿತು, ಉಳಿದದ್ದು ಕೈಗಾದಂಥ ಹೊರಗಿನ ಘಟಕಗಳಿಗೆ ಒದಗಿತು. ಮನೆಗೆ ರೇಷನ್ ಅಕ್ಕಿ ಬಂದರೆ ಗದ್ದೆಯ ಅಕ್ಕಿ ಕಣಜದಲ್ಲಿ ಉಳಿಯುವ ಲೆಕ್ಕ ಇದು. ಇದರ ಜೊತೆಗೆ ಜಾರ್ಖಂಡಿನ ತುರಾಮ್‌ಡೀಹ್, ಆಂಧ್ರದ ತುಮ್ಮಲಪಲ್ಲೆಗಳಲ್ಲಿ ಹೊಸ ಗಣಿಗಳೂ ಶುರುವಾದವು, ಹಾಗಾಗಿ ಸುಧಾರಣೆಯ ಎಲ್ಲ ಪುಣ್ಯವನ್ನೂ ಒಪ್ಪಂದಕ್ಕೇ ಕಟ್ಟುವುದೂ ಸರಿಯಲ್ಲ.

ಸ್ವಾರಸ್ಯವೆಂದರೆ ಈ ಅಕ್ಕಿ ಲೆಕ್ಕವನ್ನು ನಮಗಿಂತ ಮೊದಲು ಹಾಕಿದವರು ಅಮೆರಿಕದ ಸಂಸತ್ತಿನಲ್ಲಿದ್ದ ಒಪ್ಪಂದದ ವಿರೋಧಿಗಳು. ನೀವು ಹೊರಗಿನಿಂದ ಇಂಧನ ಕೊಟ್ಟರೆ ಭಾರತ ತನ್ನದನ್ನು ಉಳಿಸಿಕೊಂಡು ಬೇಕಾದ್ದಕ್ಕೆ ಬಳಸುತ್ತದೆ ಎಂದು ಆಗ ಕೆಳಮನೆಯಲ್ಲಿದ್ದ ಮಸಾಚುಸೆಟ್ಸ್‌ನ ಎಡ್ ಮಾರ್ಕಿಯಂಥವರು ವಾದಿಸಿದರು. ಅಮೆರಿಕದ ಅಧ್ಯಕ್ಷ ಹೇಳಿದ್ದೇ ಅಲ್ಲಿ ಆಗುತ್ತದೆ ಎಂಬ ಇನ್ನೊಂದು ನಂಬಿಕೆಗೆ ಈ ಒಪ್ಪಂದದ ಪ್ರಯಾಣವೇ ಉತ್ತರ. ಬುಷ್ ಮಾತು ಕೊಟ್ಟದ್ದು 2005ರ ಜುಲೈನಲ್ಲಿ. ಅವರದೇ ದೇಶದ 1954ರ ಅಣುಶಕ್ತಿ ಕಾಯ್ದೆ ಅಡ್ಡ ಬಂದದ್ದರಿಂದ 2006ರ ಡಿಸೆಂಬರಿನಲ್ಲಿ ಹೈಡ್ ಕಾಯ್ದೆ ಎಂಬ ವಿನಾಯಿತಿ ಕಾನೂನು ಮಾಡಿಸಬೇಕಾಯಿತು. ಅದಕ್ಕೆ ಆಗ ಸೆನೆಟರ್ ಆಗಿದ್ದ ಬರಾಕ್ ಒಬಾಮ, ಭಾರತ ಸಂಗ್ರಹಿಸಿಡುವ ಇಂಧನಕ್ಕೆ ಮಿತಿ ಇರಬೇಕೆಂಬ ಅರ್ಥದ ತಿದ್ದುಪಡಿ ಸೇರಿಸಿದರು. 2008ರ ಸೆಪ್ಟೆಂಬರಿನಲ್ಲಿ 298ಕ್ಕೆ 117 ಮತಗಳಿಂದ ಕೆಳಮನೆ, ಅಕ್ಟೋಬರ್ 1ರಂದು 86ಕ್ಕೆ 13 ಮತಗಳಿಂದ ಸೆನೆಟ್ ಒಪ್ಪಿದ ಮೇಲಷ್ಟೇ ಬುಷ್ ಸಹಿ ಹಾಕಲು ಸಾಧ್ಯವಾಯಿತು. ಹೆಚ್ಚುಕಡಿಮೆ ಮೂರು ವರ್ಷ ಮೂರು ತಿಂಗಳು. ಈ ಕಡೆ ದೆಹಲಿಯಲ್ಲೂ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡು, 2008ರ ಜುಲೈ 22ರಂದು ಮನಮೋಹನ ಸಿಂಗ್ ಸರ್ಕಾರ ವಿಶ್ವಾಸಮತದಲ್ಲಿ 275-256ರಿಂದ ಉಳಿದುಕೊಂಡಿತ್ತು. ಹೈಡ್ ಕಾಯ್ದೆಯ ಪ್ರಕಾರ ಭಾರತ ಎಷ್ಟು ಯುರೇನಿಯಂ ಅಗೆಯಿತು, ಎಷ್ಟನ್ನು ಯಾವುದಕ್ಕೆ ಬಳಸಿತು ಎಂಬ ಅಂದಾಜನ್ನು ಅಮೆರಿಕದ ಅಧ್ಯಕ್ಷ ತನ್ನ ಸಂಸತ್ತಿಗೆ ವರದಿ ಮಾಡಬೇಕು. ಗಮನಿಸಿ, ಅದು ಅಂದಾಜು. ಬಾಗಿಲು ತೆರೆದು ನೋಡುವ ಅಧಿಕಾರವಿದ್ದವರು ಅಂದಾಜು ಹಾಕುತ್ತ ಕೂರುವುದಿಲ್ಲ.

ತಪಾಸಣೆಯಿಂದ ಹೊರಗಿದೆ ಎಂದ ಕೂಡಲೇ ಹುಟ್ಟುವ ಇನ್ನೊಂದು ಊಹೆಯೂ ಇದೆ: ಹಾಗಾದರೆ ಅಲ್ಲಿ ಬಾಂಬಿನ ಕೆಲಸ ನಡೆಯುತ್ತದೆ. ಹೊರಗಿರುವುದೇ ಅದಕ್ಕೆ ಪುರಾವೆ ಅಲ್ಲ. ಭಾರಜಲದ ರಿಯಾಕ್ಟರಿನಲ್ಲಿ ಕಟ್ಟುಗಳನ್ನು ಬೇಕೆಂದಾಗ, ಸ್ವಲ್ಪವೇ ಉರಿದಿರುವಾಗಲೂ ಹೊರತೆಗೆಯಬಹುದು. ಅಂಥ ಇಂಧನದಲ್ಲಿರುವ ಪ್ಲುಟೋನಿಯಂ ಶಸ್ತ್ರಕ್ಕೆ ಹೆಚ್ಚು ಒಗ್ಗುತ್ತದೆ. ಅಮೆರಿಕದ ಟೀಕಾಕಾರರು ಎಂಟು ರಿಯಾಕ್ಟರುಗಳ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದ್ದು ಈ ಸಾಧ್ಯತೆಗಾಗಿ. ಸಾಧ್ಯತೆ ಬೇರೆ, ನಡೆದದ್ದು ಬೇರೆ. 962 ದಿನ ಗ್ರಿಡ್ಡಿಗೆ ವಿದ್ಯುತ್ ಕೊಟ್ಟ ಘಟಕದ ನಡತೆ ಒಂದು ವಿದ್ಯುತ್ ಸ್ಥಾವರದ ನಡತೆಯೇ. ಘಟಕಗಳನ್ನು ಎರಡು ಪಾಲು ಮಾಡಿದ 2006ರ ಪ್ರತ್ಯೇಕತಾ ಯೋಜನೆಯಲ್ಲಿ ಭಾರತ ಸರ್ಕಾರ ಕೊಟ್ಟ ಸಮರ್ಥನೆ, ರಾಷ್ಟ್ರೀಯ ಭದ್ರತೆಯ ದೃಷ್ಟಿಯಿಂದ ಕೆಲವು ಘಟಕಗಳನ್ನು ಕೈಯಲ್ಲಿ ಇಟ್ಟುಕೊಳ್ಳುವುದು ಅಗತ್ಯ ಎಂಬುದು. ಇದನ್ನು ಒಪ್ಪಬಹುದು, ಬಿಡಬಹುದು. ಆದರೆ ಆ ಆಯ್ಕೆ ಮಾಡಿದ್ದು ದೆಹಲಿ, ಬೇಡವೆಂದು ಒತ್ತಿದ್ದು ವಾಷಿಂಗ್ಟನ್. ನಮ್ಮ ಜಗುಲಿ ಮಾತಿನಲ್ಲಿ ಇದು ತಿರುಗುಮುರುಗಾಗಿದೆ.

ಇನ್ನು ನೆಮ್ಮದಿಯ ನಂಬಿಕೆಗೆ ಬರೋಣ. ಇದು ಸಿಟ್ಟಿನ ನಂಬಿಕೆಗಿಂತ ಹೆಚ್ಚು ಅಪಾಯದ್ದು ಎಂದು ನನ್ನ ಎಣಿಕೆ. ವಿಯೆನ್ನಾದ ತಪಾಸಕರು ಬರುತ್ತಾರೆ, ಹಾಗಾಗಿ ಸ್ಥಾವರ ಸುರಕ್ಷಿತ ಎನ್ನುವುದು. ಕೈಗಾಕ್ಕೆ ಅವರು ಬರುವುದಿಲ್ಲ ಎಂಬುದನ್ನು ಬಿಡಿ, ರಾಜಸ್ಥಾನದ ರಾವತ್‌ಭಾಟಾಕ್ಕೆ ಬಂದವರಾದರೂ ಮಾಡುವ ಕೆಲಸ ಯಾವುದು? ಇಂಧನದ ಕಟ್ಟುಗಳನ್ನು ಎಣಿಸುತ್ತಾರೆ. ಉರಿದ ಇಂಧನದ ಕೊಳದ ಮೇಲೆ ಕ್ಯಾಮೆರಾ ಕೂರಿಸುತ್ತಾರೆ, ಮುಚ್ಚಿದ ಕಡೆ ಸೀಲು ಹಾಕುತ್ತಾರೆ, ಮುಂದಿನ ಸಲ ಬಂದಾಗ ಸೀಲು ಒಡೆದಿದೆಯೇ ನೋಡುತ್ತಾರೆ, ದಾಸ್ತಾನು ಪುಸ್ತಕಕ್ಕೂ ಎಣಿಕೆಗೂ ತಾಳೆ ಹಾಕುತ್ತಾರೆ. ಒಂದು ಕಟ್ಟೂ ಶಸ್ತ್ರಾಗಾರದ ಕಡೆ ಸರಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಅವರ ಕೆಲಸ. ಪೈಪು ಸೋರುತ್ತಿದೆಯೇ, ಕಾಂಕ್ರೀಟು ಗಟ್ಟಿಯಿದೆಯೇ, ನೌಕರನ ಮೈಗೆ ವಿಕಿರಣ ತಾಗಿದೆಯೇ ಎಂದು ನೋಡುವುದು ಆ ತಪಾಸಣೆಯ ಭಾಗವಲ್ಲ. ಸುರಕ್ಷತೆಗೆ ಅದೇ ಸಂಸ್ಥೆಯ ಬೇರೆ ತಂಡಗಳಿವೆ, ಅವು ಬರುವುದು ದೇಶವೇ ಕರೆದಾಗ. ಅಣು ವಿದ್ಯುತ್ ಕಂಪನಿಗಳೇ ಕಟ್ಟಿಕೊಂಡ ಜಾಗತಿಕ ಸಂಘದವರು ಒಬ್ಬರ ಸ್ಥಾವರವನ್ನು ಇನ್ನೊಬ್ಬರು ನೋಡುವ ಪದ್ಧತಿಯೂ ಉಂಟು, ಆದರೆ ಆ ವರದಿಗಳು ಸಾರ್ವಜನಿಕರ ಕೈಗೆ ಬರುವುದಿಲ್ಲ.

ಕೈಗಾದಲ್ಲಿ ಈವರೆಗೆ ಆದ ಎರಡು ಗಂಭೀರ ಘಟನೆಗಳನ್ನು ಈ ಬೆಳಕಿನಲ್ಲಿ ನೋಡಿ. 1994ರ ಮೇ 13ರಂದು, ಇನ್ನೂ ಕಟ್ಟುವ ಹಂತದಲ್ಲಿದ್ದ 1ನೇ ಘಟಕದ ಒಳಗುಮ್ಮಟದ ತಳಭಾಗದ ಕಾಂಕ್ರೀಟು ಪದರ ಕಳಚಿ ಕೆಳಗೆ ಬಿತ್ತು. ಬಿದ್ದದ್ದು ನೂರು ಟನ್ನಿಗೂ ಮಿಕ್ಕಿದ ಕಾಂಕ್ರೀಟು, ಕೆಲಸಗಾರರು ಗಾಯಗೊಂಡರು. ಅಪಘಾತ ನಡೆದಾಗ ವಿಕಿರಣ ಹೊರಹೋಗದಂತೆ ತಡೆಯಬೇಕಾದ ಗುಮ್ಮಟವೇ ಅದು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಬೇಕಾಯಿತು. 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ನೌಕರರ ಮೂತ್ರ ಪರೀಕ್ಷೆಯಲ್ಲಿ ಅದು ಬಯಲಾಯಿತು, 50ಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಟ್ರಿಟಿಯಂ ಸೇರಿತ್ತು. ಒಳಗಿನವರೇ ಮಾಡಿದ ಕಿಡಿಗೇಡಿತನ ಎಂದು ಆಗಿನ ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಅಮೆರಿಕದ ಒಪ್ಪಂದಕ್ಕೆ ಸಹಿಯಾಗಿ ಆಗ ಒಂದು ವರ್ಷ ದಾಟಿತ್ತು. ಒಂದು ವೇಳೆ ಕೈಗಾ ತಪಾಸಣೆಯ ಪಟ್ಟಿಯಲ್ಲಿ ಇದ್ದಿದ್ದರೂ ಈ ಎರಡರಲ್ಲಿ ಯಾವುದನ್ನೂ ವಿಯೆನ್ನಾದ ಎಣಿಕೆದಾರರು ತಡೆಯುತ್ತಿರಲಿಲ್ಲ, ಏಕೆಂದರೆ ಎರಡೂ ಕಡೆ ಯುರೇನಿಯಮ್ಮಿನ ಒಂದು ಕಟ್ಟೂ ಕಾಣೆಯಾಗಿರಲಿಲ್ಲ.

ಹಾಗಾದರೆ ಸುರಕ್ಷತೆಯ ಲೆಕ್ಕ ಕೇಳಬೇಕಾದದ್ದು ಯಾರನ್ನು? 1983ರಲ್ಲಿ ಹುಟ್ಟಿದ, ಮುಂಬೈಯ ಅಣುಶಕ್ತಿ ನಿಯಂತ್ರಣ ಮಂಡಳಿಯನ್ನು. ಈ ಮಂಡಳಿ ಯಾರ ಮೇಲೆ ಕಣ್ಣಿಡಬೇಕೋ ಆ ವ್ಯವಸ್ಥೆಗೇ, ಅಂದರೆ ಅಣುಶಕ್ತಿ ಆಯೋಗಕ್ಕೇ ವರದಿ ಮಾಡಿಕೊಳ್ಳುವಂತೆ ಇತ್ತು ಎಂಬುದು ಹಳೆಯ ದೂರು. 2012ರಲ್ಲಿ ಮಹಾಲೇಖಪಾಲರ ವರದಿ ಇದನ್ನು ಅಧಿಕೃತವಾಗಿ ಹೇಳಿತು: ಮಂಡಳಿಗೆ ಶಾಸನದ ಬಲವಿಲ್ಲ, ಸ್ವಾತಂತ್ರ್ಯವಿಲ್ಲ, ದೇಶಕ್ಕೊಂದು ವಿಕಿರಣ ಸುರಕ್ಷತಾ ನೀತಿ ರೂಪಿಸು ಎಂದು 1983ರಲ್ಲೇ ಹೇಳಿದ್ದರೂ ಅದು ಆಗಿಲ್ಲ. ಫುಕುಶಿಮಾದ ನಂತರ 2011ರಲ್ಲಿ ಸ್ವತಂತ್ರ ಪ್ರಾಧಿಕಾರಕ್ಕೆ ಮಸೂದೆ ಮಂಡಿಸಿದರು, ಲೋಕಸಭೆಯ ಅವಧಿ ಮುಗಿದು ಅದು ಬಿದ್ದುಹೋಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ, ‘ಶಾಂತಿ’ ಎಂಬ ಹೆಸರಿನ ಹೊಸ ಅಣುಶಕ್ತಿ ಕಾಯ್ದೆಯಲ್ಲಿ ಮಂಡಳಿಗೆ ಕೊನೆಗೂ ಶಾಸನದ ಸ್ಥಾನ ಸಿಕ್ಕಿದೆ. ಸುರಕ್ಷತೆಯ ಮೇಲ್ವಿಚಾರಣೆಯ ಈ ಇಡೀ ಸರಣಿಯಲ್ಲಿ ಅಮೆರಿಕ ಎಲ್ಲೂ ಇಲ್ಲ. ಈ ನೆಲದ ಜನ ಒಂದು ಕಾಲದಲ್ಲಿ ಇದನ್ನು ಚೆನ್ನಾಗಿ ಅರಿತಿದ್ದರು. ಎಂಬತ್ತರ ದಶಕದಲ್ಲಿ ಶಿರಸಿ, ಯಲ್ಲಾಪುರ, ಕಾರವಾರಗಳಲ್ಲಿ ಕೈಗಾ ವಿರೋಧಿ ಚಳವಳಿ ಎದ್ದಾಗ, 1989ರ ಲೋಕಸಭಾ ಚುನಾವಣೆಯಲ್ಲಿ ಇಳಿವಯಸ್ಸಿನ ಶಿವರಾಮ ಕಾರಂತರು ಈ ಕ್ಷೇತ್ರದಿಂದ ಪರಿಸರದ ಪರವಾಗಿ ಸ್ಪರ್ಧೆಗೆ ನಿಂತಾಗ, ಕಾಡು, ನದಿ, ತ್ಯಾಜ್ಯದ ಕುರಿತ ಪ್ರಶ್ನೆಗಳೆಲ್ಲ ದೆಹಲಿಯ ವಿಳಾಸಕ್ಕೇ ಹೋಗುತ್ತಿದ್ದವು. ಅವರು ಸೋತರು, ಸ್ಥಾವರ ಬಂತು. ಆದರೆ ಪ್ರಶ್ನೆಯ ವಿಳಾಸ ತಪ್ಪಿರಲಿಲ್ಲ.

ಶಾಂತಿ ಕಾಯ್ದೆಯ ಹೆಸರು ಬಂದದ್ದರಿಂದ ಅದರ ಸುತ್ತಲಿನ ವಾದವನ್ನೂ ನೋಡಿಬಿಡಬೇಕು. ಅಮೆರಿಕದ ಒತ್ತಡಕ್ಕೆ ಮಣಿದು ಮಾಡಿದ ಕಾಯ್ದೆ ಎಂಬುದು ವಿರೋಧ ಪಕ್ಷಗಳ ಆರೋಪ. ಇದರಲ್ಲಿ ಹುರುಳಿಲ್ಲ ಎನ್ನಲಾಗದು. 2010ರ ಹೊಣೆಗಾರಿಕೆ ಕಾಯ್ದೆಯಲ್ಲಿ, ದುರಂತ ನಡೆದು ಸ್ಥಾವರ ನಡೆಸುವವರು ಪರಿಹಾರ ಕೊಟ್ಟ ಮೇಲೆ, ದೋಷದ ಯಂತ್ರ ಕೊಟ್ಟ ಕಂಪನಿಯಿಂದ ಅದನ್ನು ವಸೂಲು ಮಾಡಿಕೊಳ್ಳುವ ಅವಕಾಶವಿತ್ತು. ಭೋಪಾಲದ ನೆನಪು ಆ ಕಲಮನ್ನು ಬರೆಸಿತ್ತು. ಅಮೆರಿಕದ ಕಂಪನಿಗಳು ಅದನ್ನು ಮೊದಲ ದಿನದಿಂದ ಆಕ್ಷೇಪಿಸುತ್ತ ಬಂದವು. ಅವರ ಸಂಸತ್ತು 2025ರ ರಕ್ಷಣಾ ವೆಚ್ಚದ ಕಾಯ್ದೆಯಲ್ಲೇ ಭಾರತದ ಹೊಣೆಗಾರಿಕೆ ನಿಯಮಗಳ ಬಗ್ಗೆ ಚರ್ಚೆ ನಡೆಸಬೇಕೆಂದು ಬರೆಯಿತು. ಹೊಸ ಕಾಯ್ದೆ ಆ ಹಳೆಯ ಕಾಯ್ದೆಯನ್ನು ರದ್ದು ಮಾಡಿ, ಪೂರೈಕೆದಾರರ ಮೇಲಿನ ಆ ಬಿಗಿಯನ್ನು ಸಡಿಲಿಸಿದೆ. ಆದರೆ ಒತ್ತಡ ಇತ್ತು ಎಂಬುದರಿಂದ ಅದೊಂದೇ ಕಾರಣ ಎಂದಾಗುವುದಿಲ್ಲ. 2047ಕ್ಕೆ 100 ಗಿಗಾವಾಟ್ ಅಣು ವಿದ್ಯುತ್ ಎಂಬ ಗುರಿ, ಅದಕ್ಕಾಗಿ ಭಾರತದ ಅಣುಶಕ್ತಿ ಕಾಯ್ದೆಗೂ ಹೊಣೆಗಾರಿಕೆ ಕಾಯ್ದೆಗೂ ತಿದ್ದುಪಡಿ ಎಂಬ ಘೋಷಣೆ 2025ರ ಫೆಬ್ರವರಿಯ ಬಜೆಟ್ಟಿನಲ್ಲೇ ಇತ್ತು. ಯಂತ್ರಭಾಗ ಪೂರೈಸುವ ನಮ್ಮ ದೇಶದ ಕಂಪನಿಗಳೂ ಆ ಕಲಮಿಗೆ ಹೆದರುತ್ತಿದ್ದವು, ಖಾಸಗಿಯವರು ಈ ಕ್ಷೇತ್ರಕ್ಕೆ ಬರಲು ಕಾಯುತ್ತಿದ್ದರು. ಇಷ್ಟಕ್ಕೂ 2008ರಿಂದ ಇಲ್ಲಿಯವರೆಗೆ ಒಪ್ಪಂದದ ಹೆಸರಿನಲ್ಲಿ ಭಾರತದಲ್ಲಿ ಅಮೆರಿಕದ ಒಂದು ರಿಯಾಕ್ಟರೂ ಎದ್ದಿಲ್ಲ. ಆಂಧ್ರದ ಕೊವ್ವಾಡದಲ್ಲಿ ವೆಸ್ಟಿಂಗ್‌ಹೌಸ್‌ನ ಆರು ರಿಯಾಕ್ಟರ್ ಎಂಬುದು ವರ್ಷಗಳಿಂದ ಕಾಗದದಲ್ಲೇ ಇದೆ. ಆ ಕಂಪನಿ 2017ರಲ್ಲಿ ದಿವಾಳಿ ಅರ್ಜಿ ಹಾಕಿ, ಈಗ ಕೆನಡಾದ ಎರಡು ಕಂಪನಿಗಳ ಒಡೆತನಕ್ಕೆ ಹೋಗಿದೆ. 2008ರ ಈಚೆಗೆ ಹೊರದೇಶದ ರಿಯಾಕ್ಟರ್ ಎದ್ದು ನಿಂತಿರುವುದು ಕೂಡಂಕುಳಂನಲ್ಲಿ ಮಾತ್ರ, ಅದು ರಷ್ಯಾದ್ದು, ಅದರ ಮೂಲ ಒಪ್ಪಂದ 1988ರದು.

ಕೊನೆಯದಾಗಿ ಬರುವ ಆಕ್ಷೇಪ ಇದು: 2025ರ ಆಗಸ್ಟಿನಲ್ಲಿ ರಷ್ಯಾದ ತೈಲ ಕೊಂಡರೆಂದು ಸಿಟ್ಟಾಗಿ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದವರು, ನಾಳೆ ಕೈಗಾದ ಕತ್ತು ಹಿಸುಕಲಾರರೇ? ಸುಂಕದ ಪೆಟ್ಟು ಬೀಳುವುದು ನಾವು ಅವರಿಗೆ ಮಾರುವ ವಸ್ತುವಿನ ಮೇಲೆ. ಕೈಗಾ ಅವರಿಗೆ ಏನನ್ನೂ ಮಾರುವುದಿಲ್ಲ, ಅದರ ಇಂಧನ ಅವರಿಂದ ಬರುವುದಿಲ್ಲ, ವಿನ್ಯಾಸವೂ ಅವರದಲ್ಲ. ಭಾರತ ಮತ್ತೆ ಅಣುಸ್ಫೋಟ ಪರೀಕ್ಷೆ ಮಾಡಿದರೆ ಒಪ್ಪಂದ ಮುರಿಯಲು, ಕೊಟ್ಟದ್ದನ್ನು ವಾಪಸು ಕೇಳಲು ಅಮೆರಿಕಕ್ಕೆ ಹಕ್ಕಿದೆ. ಆಗ ಏಟು ತಾಗುವುದು ಹೊರಗಿನ ಇಂಧನ ನಂಬಿದ ರಾಜಸ್ಥಾನ, ಕಾಕ್ರಪಾರಗಳಿಗೆ. ಕೈಗಾಕ್ಕೂ ಬಿಸಿ ಮುಟ್ಟಬಹುದು, ಮೇಲೆ ಹೇಳಿದ ಅಕ್ಕಿ ಲೆಕ್ಕದ ದಾರಿಯಿಂದ: ಕಣಜದ ಅಕ್ಕಿಗೆ ಹೆಚ್ಚು ಬಾಯಿಗಳು ಸೇರಿಕೊಳ್ಳುತ್ತವೆ. ಅಷ್ಟರ ಮಟ್ಟಿಗಿನ ಅವಲಂಬನೆ ಇದೆ, ಅದನ್ನು ಮುಚ್ಚಿಡಬೇಕಿಲ್ಲ.

ಈಗ ಕೈಗಾದಲ್ಲಿ 5 ಮತ್ತು 6ನೇ ಘಟಕಗಳ ಕೆಲಸ ನಡೆದಿದೆ. ತಲಾ 700 ಮೆಗಾವಾಟ್, ಅಂದರೆ ಈಗಿರುವ ನಾಲ್ಕೂ ಸೇರಿದ್ದಕ್ಕಿಂತ ಈ ಎರಡರದೇ ಸಾಮರ್ಥ್ಯ ಹೆಚ್ಚು. ವಿನ್ಯಾಸ ನಮ್ಮದೇ ಭಾರಜಲದ್ದು. 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ನಡೆಯಿತು, 2019ರಲ್ಲಿ ಪರಿಸರ ಇಲಾಖೆಯ ಅನುಮತಿ ಸಿಕ್ಕಿತು, ಎಂಟು ಸಾವಿರಕ್ಕೂ ಹೆಚ್ಚು ಮರಗಳಿಗೆ ಕೊಡಲಿ ಬೀಳುತ್ತದೆಂಬ ಲೆಕ್ಕ ಆಗಲೇ ಕಾಗದದಲ್ಲಿತ್ತು. ಹೊಸ ಘಟಕಗಳನ್ನು ತಪಾಸಣೆಯ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕನ್ನು 2006ರ ಯೋಜನೆ ಭಾರತಕ್ಕೇ ಬಿಟ್ಟಿದೆ. ತುರ್ತು ಸಂದರ್ಭದಲ್ಲಿ ಸುತ್ತಲಿನ 16 ಕಿಲೋಮೀಟರ್ ವಲಯದ ಜನರನ್ನು ಸಾಗಿಸುವ ಯೋಜನೆ ಕಾರವಾರದ ಜಿಲ್ಲಾಧಿಕಾರಿಯ ಕಚೇರಿಯದು. ಅಣುಶಕ್ತಿ ಇಲಾಖೆ ನೇರವಾಗಿ ಪ್ರಧಾನಿಯ ಕೈಯಲ್ಲಿದೆ, ಅದರ ಮೇಲಿನ ಪ್ರಶ್ನೆಗೆ ಲೋಕಸಭೆಯಲ್ಲಿ ಉತ್ತರ ಕೊಡಲೇಬೇಕು, ಮತ್ತು ಆ ಪ್ರಶ್ನೆ ಕೇಳಬಲ್ಲ ಒಬ್ಬ ಸದಸ್ಯರನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮತದಾರರೂ ಸೇರಿ ಆರಿಸಿ ಕಳಿಸುತ್ತಾರೆ.